ಖಾಸಗಿ ಟ್ಯೂಷನ್ ಕೇಂದ್ರಗಳ ಶಿಕ್ಷಕರ ಸೇವಾ ಷರತ್ತುಗಳು ಹಾಗೂ ಬಾಕಿ ವೇತನಕ್ಕೆ ಅರ್ಜಿ ಸಲ್ಲಿಸುವ ವಿಧಾನ

(ಹಾಸನ ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಂತಹ ಪಟ್ಟಣಗಳ ಟ್ಯೂಷನ್ ಕೇಂದ್ರಗಳಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಹಾಗೂ ಪ್ರವೇಶ ಪರೀಕ್ಷೆಗಳಿಗೆ ಪಾಠ ಹೇಳುವ ಶಿಕ್ಷಕರ ನೇಮಕಾತಿಯು ಬಾಯಿಮಾತಿನಲ್ಲೇ ಮುಗಿಯುವುದುಂಟು. ವರ್ಷದ ನಡುವೆ ವೇತನ ನಿಂತಾಗ ಯಾವ ಕಚೇರಿಗೆ, ಯಾವ ದಾಖಲೆಯೊಂದಿಗೆ ಹೋಗಬೇಕೆಂಬುದೇ ಪ್ರಶ್ನೆಯಾಗುತ್ತದೆ. ಈ ಕುರಿತ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಕೇಂದ್ರದ ನೋಂದಣಿ

ಕರ್ನಾಟಕ ಶಿಕ್ಷಣ ಅಧಿನಿಯಮ, 1983ರ ವ್ಯಾಪ್ತಿಗೆ ಒಳಪಡುವ ಟ್ಯುಟೋರಿಯಲ್ ಸಂಸ್ಥೆಗಳು ನೋಂದಣಿ ಮಾಡಿಸತಕ್ಕದ್ದು. ಒಂದು ಕೇಂದ್ರವು ನೋಂದಣಿಯಾಗಿದೆಯೇ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಶಿಕ್ಷಣ ಇಲಾಖೆಯಿಂದ ಕೇಳಿ ತಿಳಿಯಬಹುದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ.

2. ಶಿಕ್ಷಕರ ಕಾನೂನು ಸ್ಥಾನ

ಶಿಕ್ಷಕರು ಕೈಗಾರಿಕಾ ವಿವಾದ ಕಾನೂನಿನ ಅರ್ಥದಲ್ಲಿ ‘ಕೆಲಸಗಾರ’ರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಎ. ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದಕಾರಣ ಕೆಲಸದಿಂದ ತೆಗೆದ ಶಿಕ್ಷಕರು ಕಾರ್ಮಿಕ ನ್ಯಾಯಾಲಯದಲ್ಲಿ ಮರುನೇಮಕ ಕೋರುವುದು ಕಷ್ಟಸಾಧ್ಯ.

ಆದರೆ ವೇತನದ ವಿಷಯ ಬೇರೆ. ದಿನಾಂಕ 21-11-2025ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರಲ್ಲಿ ‘ಉದ್ಯೋಗಿ’ ಎಂಬ ಪದದ ವ್ಯಾಖ್ಯೆಯು ವಿಶಾಲವಾಗಿದ್ದು, ಸಂಬಳಕ್ಕಾಗಿ ಯಾವುದೇ ಬಗೆಯ ಕೆಲಸ ಮಾಡುವವರನ್ನು ಒಳಗೊಳ್ಳುತ್ತದೆ. ಅಂದರೆ ಹುದ್ದೆಯನ್ನು ಉಳಿಸಿಕೊಳ್ಳುವ ಹಕ್ಕು ದುರ್ಬಲವಾಗಿದ್ದರೂ ದುಡಿದ ಹಣವನ್ನು ಪಡೆಯುವ ಹಕ್ಕು ಶಿಕ್ಷಕರಿಗೆ ಇರುತ್ತದೆ.

3. ವೇತನ

ಅ) ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಪಾವತಿಸತಕ್ಕದ್ದು.
ಆ) ಕೆಲಸದಿಂದ ತೆಗೆದಾಗ ಅಥವಾ ರಾಜೀನಾಮೆ ನೀಡಿದಾಗ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಕೊಡತಕ್ಕದ್ದು.
ಇ) ವೇತನ ಚೀಟಿ ನೀಡುವುದು ಮಾಲೀಕರ ಕರ್ತವ್ಯವಾಗಿರುತ್ತದೆ.
ಈ) ಸಂಹಿತೆಯಲ್ಲಿ ಹೇಳಿದ ಕಾರಣಗಳ ಹೊರತು ಕಡಿತ ಮಾಡುವಂತಿಲ್ಲ. ವಿದ್ಯಾರ್ಥಿಗಳ ದಾಖಲಾತಿ ಕಡಿಮೆಯಾಯಿತೆಂಬುದು ಸದರಿ ಕಾರಣಗಳಲ್ಲಿ ಸೇರಿಲ್ಲ.
ಉ) ಒಂದೇ ಬಗೆಯ ಕೆಲಸಕ್ಕೆ ಪುರುಷರಿಗೂ ಮಹಿಳೆಯರಿಗೂ ವೇತನದಲ್ಲಿ ತಾರತಮ್ಯ ಮಾಡುವಂತಿಲ್ಲ.

4. ಪಾಠದ ವೇಳೆ ಮತ್ತು ವಾರದ ರಜೆ

ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಮಾರ್ಗಸೂಚಿ ಹೊರಡಿಸಿದೆ. ಬೋಧಕರು ಕನಿಷ್ಠ ಪದವೀಧರರಾಗಿರಬೇಕು, ತರಗತಿಗಳು ದಿನಕ್ಕೆ 5 ಗಂಟೆ ಮೀರಬಾರದು, ವಿದ್ಯಾರ್ಥಿಗಳಂತೆಯೇ ಬೋಧಕರಿಗೂ ವಾರದ ರಜೆ ಇರಬೇಕು ಎಂಬುದು ಅದರ ಮುಖ್ಯಾಂಶ. ಈ ಮಾರ್ಗಸೂಚಿಯು ರಾಜ್ಯಗಳಿಗೆ ನೀಡಿದ ಸಲಹೆಯಾಗಿದ್ದು, ತಾನಾಗಿಯೇ ಕಾನೂನಿನ ಬಲ ಹೊಂದಿರುವುದಿಲ್ಲ.

5. ಇತರೆ ಸೌಲಭ್ಯಗಳು

10 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಸಾಮಾಜಿಕ ಭದ್ರತಾ ಸಂಹಿತೆ, 2020ರಡಿ ಗ್ರಾಚ್ಯುಯಿಟಿ ಅನ್ವಯಿಸುತ್ತದೆ. ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಅಗತ್ಯ. ನಿಗದಿತ ಅವಧಿಯ ಕರಾರಿನ ಮೇಲೆ ನೇಮಕಗೊಂಡವರಿಗೆ ಅವಧಿ ಮುಗಿದಾಗ ಸೇವೆಯ ಪ್ರಮಾಣಕ್ಕೆ ಅನುಗುಣವಾಗಿ ಸಲ್ಲುತ್ತದೆ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ಉಂಟಾದಲ್ಲಿ 2013ರ ಅಧಿನಿಯಮದಡಿ 3 ತಿಂಗಳೊಳಗೆ ದೂರು ನೀಡಬಹುದು. 10ಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಕೇಂದ್ರಗಳ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸತಕ್ಕದ್ದು.

6. ಇಟ್ಟುಕೊಳ್ಳಬೇಕಾದ ದಾಖಲೆಗಳು

ಅ) ನೇಮಕಾತಿ ಪತ್ರ. ದೊರೆಯದಿದ್ದಲ್ಲಿ ವೇತನ ಮತ್ತು ವೇಳೆಯನ್ನು ತಿಳಿಸುವ ಯಾವುದೇ ಪತ್ರ ಅಥವಾ ಮೊಬೈಲ್ ಸಂದೇಶ.
ಆ) ತರಗತಿಗಳ ವೇಳಾಪಟ್ಟಿ ಹಾಗೂ ಹಾಜರಾತಿಯ ಪ್ರತಿ.
ಇ) ಬ್ಯಾಂಕ್ ಪಾಸ್ ಪುಸ್ತಕ. ನಗದಾಗಿ ಪಡೆದಲ್ಲಿ ದಿನಾಂಕ ಮತ್ತು ಮೊತ್ತದ ಟಿಪ್ಪಣಿ.

ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರಗಳ ಮೂಲಪ್ರತಿಯನ್ನು ಭದ್ರತೆಯಾಗಿ ಕೇಂದ್ರದ ವಶಕ್ಕೆ ಕೊಡದೆ, ಪರಿಶೀಲನೆಗೆ ತೋರಿಸಿ ನಕಲು ಪ್ರತಿ ನೀಡುವುದು ಸೂಕ್ತ.

7. ಅರ್ಜಿ ಸಲ್ಲಿಸುವ ವಿಧಾನ

ಮೊದಲಿಗೆ ಬಾಕಿಯ ವಿವರದೊಂದಿಗೆ ಮಾಲೀಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು ರಸೀದಿ ಇಟ್ಟುಕೊಳ್ಳುವುದು. ಫಲ ದೊರೆಯದಿದ್ದಲ್ಲಿ ಕೇಂದ್ರವು ಇರುವ ತಾಲ್ಲೂಕಿಗೆ ಸಂಬಂಧಿಸಿದ ಕಾರ್ಮಿಕ ನಿರೀಕ್ಷಕರನ್ನು ಕಾಣುವುದು. ಇಲ್ಲಿ ಶಿಕ್ಷಕರ ವಾಸಸ್ಥಳವಲ್ಲ, ಕೆಲಸದ ಸ್ಥಳ ಮುಖ್ಯ. ಉದಾಹರಣೆಗೆ, ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ನಿವಾಸಿಯು ಚನ್ನರಾಯಪಟ್ಟಣದಲ್ಲಿ ಪಾಠ ಹೇಳುತ್ತಿದ್ದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನಿರೀಕ್ಷಕರನ್ನು ಸಂಪರ್ಕಿಸತಕ್ಕದ್ದು.

ವೇತನ ಸಂಹಿತೆಯ 45ನೇ ಪ್ರಕರಣದಡಿ ನೇಮಿತ ಪ್ರಾಧಿಕಾರಿಗೆ 3 ವರ್ಷಗಳೊಳಗೆ ಕ್ಲೇಮು ಅರ್ಜಿ ಸಲ್ಲಿಸಬಹುದು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಆದೇಶಿಸಲು ಪ್ರಾಧಿಕಾರಿಗೆ ಅಧಿಕಾರವಿದೆ. ವೇತನ ಪಾವತಿಯಾಗಿದೆ ಎಂಬುದನ್ನು ರುಜುವಾತುಪಡಿಸುವ ಹೊಣೆಯು 59ನೇ ಪ್ರಕರಣದಂತೆ ಮಾಲೀಕರ ಮೇಲಿರುತ್ತದೆ. ಆದರೆ ತಾವು ಆ ಕೇಂದ್ರದಲ್ಲಿ ಕೆಲಸ ಮಾಡಿದ್ದೇವೆಂದು ತೋರಿಸಲು ಶಿಕ್ಷಕರಿಗೆ ಮೇಲ್ಕಂಡ ದಾಖಲೆಗಳೇ ಆಧಾರ.

ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರು.

ವಿಶೇಷ ಸೂಚನೆ: ಶಾಲಾ ಶಿಕ್ಷಕರು ಖಾಸಗಿ ಬೋಧನೆಯಲ್ಲಿ ತೊಡಗುವುದನ್ನು ಶಿಕ್ಷಣ ಹಕ್ಕು ಅಧಿನಿಯಮ, 2009ರ 28ನೇ ಪ್ರಕರಣವು ನಿಷೇಧಿಸಿದೆ. ಶಾಲೆಯಲ್ಲಿ ಸೇವೆಯಲ್ಲಿರುವವರು ಟ್ಯೂಷನ್ ಕೇಂದ್ರದ ಕೆಲಸ ಒಪ್ಪಿಕೊಳ್ಳುವ ಮುನ್ನ ಇದನ್ನು ಗಮನಿಸತಕ್ಕದ್ದು.