ಡೌನ್ ಸೀಮೆಯ ಕೂಲಿಯ ಮಗ, ಹಾವರ್ತ್ ಊರಿನ ಪಾದ್ರಿ

ಬ್ರಾಂಟೆ ಅಕ್ಕತಂಗಿಯರ ಕಾದಂಬರಿಗಳನ್ನು ಧಾರವಾಡದ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ‘ಜೇನ್ ಏರ್’ ಬರೆದ ಷಾರ್ಲಟ್, ‘ವುದರಿಂಗ್ ಹೈಟ್ಸ್’ ಬರೆದ ಎಮಿಲಿ, ‘ಆಗ್ನೆಸ್ ಗ್ರೇ’ ಬರೆದ ಆನ್ ಮೂವರೂ ನಮ್ಮ ಪಠ್ಯಗಳ ಮುನ್ನುಡಿಯಲ್ಲಿ ಯಾರ್ಕ್‌ಶೈರಿನ ಹೆಣ್ಣುಮಕ್ಕಳು. ಅವರ ಅಪ್ಪನ ಪಾಲಿಗೆ ಅಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಿವೃತ್ತಿಯಾದ ಮೇಲೆ ಲೀಡ್ಸ್‌ನಲ್ಲಿರುವ ಮಗಳ ಮನೆಯಲ್ಲಿ ಬಿಡುವಾಗಿ ಉಳಿಯುವ ಅವಕಾಶ ಬಂತು. ಆಗ ನಾನು ಹಿಂಬಾಲಿಸಿದ್ದು ಆ ಅಪ್ಪನನ್ನು, ಐರ್ಲೆಂಡ್ ಬಿಟ್ಟು ಬಂದ ಪ್ಯಾಟ್ರಿಕ್‌ನನ್ನು.

ಪ್ಯಾಟ್ರಿಕ್ ಹುಟ್ಟಿದ್ದು 1777ರ ಮಾರ್ಚ್ 17ರಂದು, ಸಂತ ಪ್ಯಾಟ್ರಿಕ್‌ನ ಹಬ್ಬದ ದಿನ. ಊರು ಕೌಂಟಿ ಡೌನ್‌ನ ಎಮ್‌ಡೇಲ್; ಮನೆ ಎರಡೇ ಕೋಣೆಯದು. ಅಪ್ಪ ಹ್ಯೂ ಹೊಲದ ಕೂಲಿ. ಹತ್ತು ಮಕ್ಕಳಲ್ಲಿ ಇವನೇ ಹಿರಿಯ. ಕಮ್ಮಾರನ ಕುಲುಮೆಯಲ್ಲಿ ಕೆಲಸ ಕಲಿತ, ಮಗ್ಗದ ಮುಂದೆ ಕೂತು ನಾರುಬಟ್ಟೆ ನೇಯ್ದ, ಹದಿನಾರರ ಹರೆಯದಲ್ಲೇ ಶಾಲೆ ತೆರೆದು ಮಕ್ಕಳಿಗೆ ಪಾಠ ಹೇಳತೊಡಗಿದ. 1798ರ ಐರಿಷ್ ಬಂಡಾಯದಲ್ಲಿ ತಮ್ಮ ವಿಲಿಯಂ ಬಲ್ಲಿನಾಹಿಂಚ್ ಕಾಳಗಕ್ಕೆ ಬಂಡಾಯಗಾರರ ಜೊತೆ ಹೋದ. ಅಣ್ಣ ಪುಸ್ತಕ ಬಿಡಲಿಲ್ಲ. ಡ್ರಂಬಾಲಿರೋನಿ ಪ್ಯಾರಿಷ್‌ನ ಪಾದ್ರಿ ಥಾಮಸ್ ಟೈ ಇವನನ್ನು ತನ್ನ ಮಕ್ಕಳಿಗೆ ಮೇಷ್ಟರನ್ನಾಗಿ ಇಟ್ಟುಕೊಂಡು, ಕೊನೆಗೆ ಕೇಂಬ್ರಿಜ್‌ನ ದಾರಿ ತೋರಿಸಿದ.

ಐರ್ಲೆಂಡಿನಲ್ಲಿ ಪೂರ್ವಜರನ್ನು ಹುಡುಕುವವರಿಗೆ ಮೊದಲ ತೊಡಕು ಎದುರಾಗುವುದು ಹುಟ್ಟಿನ ದಾಖಲೆಯಲ್ಲೇ. ಜನನ ಮರಣಗಳ ಸರ್ಕಾರಿ ನೋಂದಣಿ ಅಲ್ಲಿ ಶುರುವಾದದ್ದು 1864ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚ್ ಪುಸ್ತಕಗಳೇ ಗತಿ. ಅವುಗಳಲ್ಲಿ ಬಹಳಷ್ಟು 1922ರ ಜೂನ್‌ನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿಯೊಂದಿಗೆ ಸುಟ್ಟುಹೋದವು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳದೂ ಬಹುಪಾಲು ಅದೇ ಪಾಡು. ಪ್ಯಾಟ್ರಿಕ್‌ನ ತೊಂದರೆ ಇದಕ್ಕಿಂತ ಹಳೆಯದು. ಆತ ಪಾದ್ರಿಯಾಗಲು ಹೊರಟು ವಯಸ್ಸಿನ ರುಜುವಾತು ಬೇಕಾದಾಗ, 1778ಕ್ಕೆ ಮೊದಲು ಈ ಪ್ಯಾರಿಷ್‌ನಲ್ಲಿ ದೀಕ್ಷಾಸ್ನಾನದ ಪುಸ್ತಕವನ್ನೇ ಇಟ್ಟಿರಲಿಲ್ಲ ಎಂದು ಟೈ ಬರೆದುಕೊಡಬೇಕಾಯಿತು. ಹಿರಿಯ ಮಗನ ಹೆಸರು ಅಲ್ಲಿಲ್ಲ. ಅವನ ಹಿಂದೆ ಹುಟ್ಟಿದವರ ಹೆಸರುಗಳಿವೆ. ಈ ಮನೆ ಈ ಊರಿನಲ್ಲಿತ್ತು ಎಂದು ಆ ಪುಸ್ತಕದಲ್ಲಿ ಸಾಕ್ಷಿ ಹೇಳುವವರು ತಮ್ಮಂದಿರೇ.

1802ರ ಅಕ್ಟೋಬರ್ 1ರಂದು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಗುಮಾಸ್ತ ಇವನ ಹೆಸರನ್ನು ‘ಬ್ರಾಂಟಿ’ ಎಂದು ಬರೆದುಕೊಂಡ. ಊರಿನಲ್ಲಿ ಆ ಮನೆತನವನ್ನು ಕರೆಯುತ್ತಿದ್ದದ್ದು ಬ್ರಂಟಿ ಎಂದೋ ಪ್ರಂಟಿ ಎಂದೋ. ಎರಡು ದಿನ ಕಳೆದು ಪ್ಯಾಟ್ರಿಕ್ ಅದನ್ನು ‘ಬ್ರಾಂಟೆ’ ಎಂದು ತಿದ್ದಿಸಿದ. ಬಡ ವಿದ್ಯಾರ್ಥಿಗಳಿಗಿದ್ದ ಕಡಿಮೆ ಶುಲ್ಕದ ‘ಸೈಜರ್’ ಸ್ಥಾನ ಸಿಕ್ಕಿದ್ದರೂ ಕೈಯಲ್ಲಿ ಕಾಸಿರಲಿಲ್ಲ. ಅದೇ ಕಾಲೇಜಿನ ಹೆನ್ರಿ ಮಾರ್ಟಿನ್ 1804ರಲ್ಲಿ ಇವನ ಪರವಾಗಿ ಪತ್ರ ಬರೆದ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್, ಆತನ ಸಂಗಡಿಗ ಹೆನ್ರಿ ಥಾರ್ನ್‌ಟನ್ ಇಬ್ಬರೂ ವರ್ಷಕ್ಕೆ ಹತ್ತು ಹತ್ತು ಪೌಂಡ್ ಕೊಡಲೊಪ್ಪಿದರು. ಪತ್ರ ಬರೆದ ಮಾರ್ಟಿನ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ 1806ರಲ್ಲಿ ಕಲ್ಕತ್ತೆಗೆ ಬಂದಿಳಿದು, ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರಸಿಗೂ ತಂದ. ಅದೇ 1806ರಲ್ಲಿ ಪ್ಯಾಟ್ರಿಕ್ ಪದವಿ ಪಡೆದು ಊರಿಗೆ ಹೋಗಿ, ಡ್ರಂಬಾಲಿರೋನಿ ಚರ್ಚ್‌ನಲ್ಲಿ ಉಪದೇಶ ಮಾಡಿ ಬಂದ. ಮತ್ತೆ ಐರ್ಲೆಂಡಿನ ನೆಲ ಮೆಟ್ಟಲಿಲ್ಲ.

ಅಲ್ಲಿಂದಾಚೆಗೆ ಆತನ ಹೆಜ್ಜೆಗಳೆಲ್ಲ ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕಗಳಲ್ಲಿ ಸ್ಪಷ್ಟ: ಎಸೆಕ್ಸ್‌ನ ವೆದರ್ಸ್‌ಫೀಲ್ಡ್, ಶ್ರಾಪ್‌ಶೈರಿನ ವೆಲಿಂಗ್ಟನ್, ಆಮೇಲೆ ಯಾರ್ಕ್‌ಶೈರಿನ ಡ್ಯೂಸ್‌ಬರಿ, ಹಾರ್ಟ್ಸ್‌ಹೆಡ್, ಥಾರ್ನ್‌ಟನ್. 1812ರ ಡಿಸೆಂಬರ್ 29ರಂದು ಗೈಸ್ಲಿ ಚರ್ಚ್‌ನಲ್ಲಿ ಪೆಂಜಾನ್ಸ್ ಊರಿನ ಮರಿಯಾ ಬ್ರಾನ್‌ವೆಲ್ ಜೊತೆ ಮದುವೆ. 1814ರಿಂದ 1820ರೊಳಗೆ ಆರು ಮಕ್ಕಳು. 1820ರಲ್ಲಿ ಹಾವರ್ತ್‌ಗೆ ಬಂದವನು ಸಾಯುವವರೆಗೂ, ನಲವತ್ತೊಂದು ವರ್ಷ, ಅಲ್ಲಿಯ ಪಾದ್ರಿ.

ಹಾವರ್ತ್ ಸಾವಿನ ಊರಾಗಿತ್ತು. ಒಳ್ಳೆಯ ನೀರು ಕೊಡಿ ಎಂದು ಪ್ಯಾಟ್ರಿಕ್ ಸರ್ಕಾರಕ್ಕೆ ಅರ್ಜಿ ಹಾಕಿಸಿದ ಮೇಲೆ ಇನ್‌ಸ್ಪೆಕ್ಟರ್ ಬ್ಯಾಬೇಜ್ ಬಂದು ತನಿಖೆ ಮಾಡಿದ. ಇಲ್ಲಿ ಸಾಯುವವರ ಸರಾಸರಿ ವಯಸ್ಸು 25.8 ವರ್ಷ, ನೂರಕ್ಕೆ ನಲವತ್ತೊಂದಕ್ಕೂ ಹೆಚ್ಚು ಮಂದಿ ಆರು ತುಂಬುವ ಮೊದಲೇ ಸಾಯುತ್ತಾರೆ ಎಂದಿತು 1850ರ ಆತನ ವರದಿ. ಪಾದ್ರಿಯ ಮನೆಯೂ ಸಾವಿನಿಂದ ತಪ್ಪಿಸಿಕೊಳ್ಳಲಿಲ್ಲ. 1821ರಲ್ಲಿ ಹೆಂಡತಿ ತೀರಿಕೊಂಡಳು. 1825ರ ಮೇ, ಜೂನ್‌ನಲ್ಲಿ ಕೋವನ್ ಬ್ರಿಜ್‌ನ ಶಾಲೆಯಿಂದ ಕಾಯಿಲೆ ಬಿದ್ದು ಬಂದ ಹಿರಿಯ ಹುಡುಗಿಯರಿಬ್ಬರು ಹೋದರು. 1848ರ ಸೆಪ್ಟೆಂಬರ್‌ನಲ್ಲಿ ಮಗ ಬ್ರಾನ್‌ವೆಲ್, ಡಿಸೆಂಬರ್‌ನಲ್ಲಿ ಎಮಿಲಿ, ಮರುವರ್ಷದ ಮೇ ತಿಂಗಳಲ್ಲಿ ಆನ್.

1837ರ ಜುಲೈಯಿಂದ ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಇದ್ದುದರಿಂದ ಈ ಕೊನೆಯ ಸಾವುಗಳಿಗೆಲ್ಲ ಪ್ರಮಾಣಪತ್ರಗಳಿವೆ. ಆದರೂ ಎಚ್ಚರ ಬೇಕು. ಸ್ಕಾರ್‌ಬರೋದಲ್ಲಿ ಆನ್‌ಳ ಸಮಾಧಿ ಕಲ್ಲಿನ ಮೇಲೆ ವಯಸ್ಸು 28 ಎಂದು ಕೆತ್ತಿದ್ದಾರೆ. ಆಕೆಗೆ ಆಗಿದ್ದದ್ದು 29. ಷಾರ್ಲಟ್ 1854ರ ಜೂನ್‌ನಲ್ಲಿ ಅಪ್ಪನ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕಲ್ಸ್‌ನನ್ನು ಮದುವೆಯಾದಳು. ಆತನೂ ಐರ್ಲೆಂಡಿನವನೇ. ಹೊಸ ದಂಪತಿ ಡಬ್ಲಿನ್, ಬನಾಹರ್, ಕಿಲಾರ್ನಿ ಸುತ್ತಿ ಬಂದರು. ಅಪ್ಪನ ಕೌಂಟಿ ಡೌನ್ ಆ ದಾರಿಯಲ್ಲಿರಲಿಲ್ಲ. 1855ರ ಮಾರ್ಚ್ 31ರಂದು, ಬಸುರಿಯಾಗಿದ್ದಾಗಲೇ, ಷಾರ್ಲಟ್ ಸತ್ತಳು. ಸಾವಿನ ಸೂಚಿಯಲ್ಲಿ ಬ್ರಾಂಟೆ ಎಂದು ಹುಡುಕಿದರೆ ಸಿಗುವುದಿಲ್ಲ, ನಿಕಲ್ಸ್ ಎಂದು ಹುಡುಕಬೇಕು. ಪ್ಯಾಟ್ರಿಕ್‌ಗೆ ಮೊಮ್ಮಕ್ಕಳೇ ಆಗಲಿಲ್ಲ. 1861ರ ಜೂನ್ 7ರಂದು, 84ನೆಯ ವಯಸ್ಸಿನಲ್ಲಿ ಆತ ತೀರಿಕೊಂಡಾಗ ಇಂಗ್ಲೆಂಡಿನ ಬ್ರಾಂಟೆ ವಂಶ ಮುಗಿಯಿತು.

ಮೊದಲ ಸಲ ಈ ವಂಶವೃಕ್ಷವನ್ನು ಬರೆದು ಮುಗಿಸಿದಾಗ ನನಗೆ ಬಹಳ ಸಂಕಟವಾಯಿತು. ಆದರೆ ಕಾಗದ ಇನ್ನೊಂದಿತ್ತು, ಪ್ಯಾಟ್ರಿಕ್‌ನ ಉಯಿಲು. ಷಾರ್ಲಟ್ ಸತ್ತ ಕೆಲವೇ ತಿಂಗಳಲ್ಲಿ ಬರೆಸಿದ್ದು ಅದು. ಆಸ್ತಿಯ ಬಹುಭಾಗ ಅಳಿಯ ನಿಕಲ್ಸ್‌ಗೆ. ಅದರ ಜೊತೆಗೆ ನಲವತ್ತು ಪೌಂಡ್, ಒಡಹುಟ್ಟಿದವರೆಲ್ಲರೂ ಸಮನಾಗಿ ಹಂಚಿಕೊಳ್ಳಲು. ಹಿಂದೆಯೂ ಅವರಿಗೆ ಸಾಕಷ್ಟು ಹಣ ಕೊಟ್ಟಿದ್ದೇನೆ ಎಂಬ ಮಾತೂ ಅದರಲ್ಲಿದೆ. ಊರು ಬಿಟ್ಟು ಅರ್ಧ ಶತಮಾನ ದಾಟಿದ ಮೇಲೂ ಹಿರಿಯಣ್ಣನಿಗೆ ಮನೆಯ ನೆನಪಿತ್ತು.

1893ರಲ್ಲಿ ವಿಲಿಯಂ ರೈಟ್ ಎಂಬಾತ ಐರ್ಲೆಂಡಿನ ಬ್ರಾಂಟೆಗಳ ಬಗ್ಗೆ ಪುಸ್ತಕ ಬರೆದ. ಲಿವರ್‌ಪೂಲ್‌ನಿಂದ ಬರುವ ಹಡಗಿನಲ್ಲಿ ಸಿಕ್ಕಿ ಮನೆ ಸೇರಿದ ಅನಾಥ ಹುಡುಗನೊಬ್ಬನ ಕಥೆ ಅದರಲ್ಲಿದೆ. ‘ವುದರಿಂಗ್ ಹೈಟ್ಸ್’ನ ಹೀತ್‌ಕ್ಲಿಫ್ ಬಂದದ್ದು ಅಲ್ಲಿಂದಲೇ ಎಂದು ನಂಬಲು ಯಾರಿಗಾದರೂ ಆಸೆಯಾಗುತ್ತದೆ. ವಿದ್ವಾಂಸರು ಅದನ್ನು ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ. ನನ್ನ ಪಾಲಿಗೆ ಆ ಕಥೆಗಿಂತ ನಲವತ್ತು ಪೌಂಡಿನ ಉಯಿಲು ದೊಡ್ಡದು. ಪ್ಯಾಟ್ರಿಕ್‌ನ ತಂಗಿ ಸಾರಾಳ ಮಗಳೊಬ್ಬಳು ಮುಂದೆ ಯಾರ್ಕ್‌ಶೈರಿಗೇ ಬಂದು, ಬ್ರಾಡ್‌ಫರ್ಡ್ ಹತ್ತಿರ ನೆಲೆಸಿ, ಇಪ್ಪತ್ತನೆಯ ಶತಮಾನವನ್ನೂ ಕಂಡಳು.

ಊರು ಬಿಟ್ಟು ಹೋದ ಹಿರಿಯರನ್ನು ಹುಡುಕುವವರಿಗೆ ನಾನು ಹೇಳುವುದಿಷ್ಟು: ಅವರೊಬ್ಬರ ಹೆಸರನ್ನೇ ಬೆನ್ನುಹತ್ತಬೇಡಿ. ಊರಲ್ಲೇ ಉಳಿದ ತಮ್ಮಂದಿರು ಯಾರು, ತಂಗಿಯರನ್ನು ಯಾವ ಮನೆಗೆ ಕೊಟ್ಟರು, ಉಯಿಲಿನಲ್ಲಿ ಯಾರಿಗೆ ಎಷ್ಟು ಬರೆದರು ಎಂಬುದನ್ನು ಮೊದಲು ಕೇಳಿ. ಪ್ಯಾಟ್ರಿಕ್‌ನ ಹುಟ್ಟೂರಿಗೆ ಸಾಕ್ಷಿಯಾದವರೂ, ಅವನ ಮಕ್ಕಳ ನಂತರ ಆ ಮನೆತನವನ್ನು ಮುಂದುವರಿಸಿದವರೂ ಅವರೇ.