ಕಮಾಂಡ್ ಲೈನ್ ಮತ್ತು ಸಾಮಾನ್ಯ ಬಳಕೆದಾರ: ನೆನಪಿನ ಹೊರೆಯ ಪ್ರಶ್ನೆ

ಕಮಾಂಡ್ ಲೈನ್ ಆಧರಿಸಿದ ಆಪರೇಟಿಂಗ್ ಸಿಸ್ಟಂಗಳು ಜನಸಾಮಾನ್ಯರಿಗೆ ಒಗ್ಗದಿರಲು ಟೈಪು ಮಾಡುವ ತಾಪತ್ರಯವೇ ಕಾರಣವೆಂಬ ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದು ಸಾಲದು. ಪಿಎನ್‌ಆರ್ ಎಂದು ಬರೆದು, ಮುಂದೆ ಟಿಕೆಟಿನ ಹತ್ತು ಅಂಕಿ ಸೇರಿಸಿ 139ಕ್ಕೆ ಎಸ್ಸೆಮ್ಮೆಸ್ ಕಳಿಸಿ ಸೀಟಿನ ಸ್ಥಿತಿ ತಿಳಿಯುವ ರೈಲು ಪ್ರಯಾಣಿಕರು ಬಳಸುವುದೂ ಕಮಾಂಡನ್ನೇ. ಅಲ್ಲಿ ಪದ ಒಂದೇ, ಅಂಕಿಗಳು ಟಿಕೆಟಿನ ಮೇಲೇ ಇರುತ್ತವೆ, ಉತ್ತರ ತಾನಾಗಿ ಬರುತ್ತದೆ. ಹಾಗಾಗಿ ತೊಡಕಿನ ಮೂಲವನ್ನು ಬೆರಳುಗಳಲ್ಲಿ ಹುಡುಕುವುದಕ್ಕಿಂತ ನೆನಪಿನಲ್ಲಿ ಹುಡುಕುವುದು ಸರಿ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆರಂಭವಾದ ಯುನಿಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಸೆಕೆಂಡಿಗೆ ಹತ್ತು ಅಕ್ಷರ ಮುದ್ರಿಸುತ್ತಿದ್ದ ಟೆಲಿಟೈಪ್ ಯಂತ್ರಗಳಿಗೆ ಎರಡಕ್ಷರದ ಕಮಾಂಡುಗಳೂ ಮಿತಭಾಷೆಯೂ ಹೊಂದುತ್ತಿದ್ದವು. ಫೈಲಿನ ನಕಲು ತೆಗೆಯಲು 'ಸಿಪಿ' ಎಂದು ಬರೆದು ಎರಡು ಹೆಸರು ಕೊಟ್ಟಾಗ, ಎರಡನೆಯ ಹೆಸರಿನ ಫೈಲು ಮೊದಲೇ ಇದ್ದರೆ ಯುನಿಕ್ಸ್ ಸಾಮಾನ್ಯವಾಗಿ ಒಂದು ಮಾತೂ ಕೇಳದೆ ಅದನ್ನು ಅಳಿಸಿ ಬರೆಯುತ್ತದೆ. ಬೇಕಾದ ಫೈಲು ಹೀಗೆ ಅಳಿದುಹೋದರೂ ನಕಲು ನೆಟ್ಟಗಾದರೂ ಪರದೆಯ ಮೇಲೆ ಅದೇ ಮೌನ. ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1981ರಲ್ಲೇ 'ಡೇಟಾಮೇಷನ್' ಪತ್ರಿಕೆಯಲ್ಲಿ ಯುನಿಕ್ಸ್‌ನ ಈ ಬಗೆಯ ಲೋಪಗಳನ್ನು ಕಟುವಾಗಿ ಟೀಕಿಸಿದರು. ಕಮಾಂಡುಗಳ ಹೆಸರುಗಳನ್ನು ಸಹಜಗೊಳಿಸಿದರೆ ಸಾಕೆನ್ನುವುದಕ್ಕೂ ಆಧಾರ ಕಡಿಮೆ: ಒಂದೇ ವಸ್ತುವಿಗೆ ಇಬ್ಬರು ತಾವಾಗಿ ಒಂದೇ ಪದ ಆರಿಸುವ ಸಂಭವ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಎಂದು ಸಂಶೋಧಕ ಫರ್ನಾಸ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕಮಾಂಡುಗಳನ್ನು ಕನ್ನಡಕ್ಕೆ ತಂದರೂ ಇಂಗ್ಲಿಷಿನ ಹೊರೆ ಇಳಿದೀತೇ ಹೊರತು ಈ ಸಮಸ್ಯೆ ನೀಗದು.

ಎಂಎಸ್-ಡಾಸ್ ಕಾಲದಲ್ಲಿ ಸಾವಿರಾರು ಗುಮಾಸ್ತರು ಕಮಾಂಡ್ ಲೈನಿನಲ್ಲೇ ದುಡಿಯಲಿಲ್ಲವೇ ಎಂಬ ಆಕ್ಷೇಪಣೆ ಏಳಬಹುದು. ಅವರಲ್ಲಿ ಬಹುಪಾಲಿನವರಿಗೆ ಡಾಸ್ ಹೊಸ್ತಿಲಷ್ಟೇ ಆಗಿತ್ತು. 'ಡಬ್ಲ್ಯುಎಸ್' ಎಂದು ಒತ್ತಿ ವರ್ಡ್‌ಸ್ಟಾರ್ ಒಳಹೊಕ್ಕರೆ ಕೀಲಿಗಳ ಪಟ್ಟಿ ಪರದೆಯ ಮೇಲ್ಭಾಗದಲ್ಲೇ ಕಾಣುತ್ತಿತ್ತು. ಆಡುಮಾತನ್ನು ಅರ್ಥೈಸುವ ಇಂದಿನ ಕೃತಕ ಬುದ್ಧಿಮತ್ತೆ ಈ ತೊಡಕನ್ನು ಕಳೆಯುತ್ತದೆಂಬ ವಾದಕ್ಕೆ ಹೆಚ್ಚು ಬಲವಿದೆ. ಪದದ ಸಮಸ್ಯೆಯನ್ನು ಅದು ಬಹುಮಟ್ಟಿಗೆ ಪರಿಹರಿಸುತ್ತದೆ, ನಿಜ. ಆದರೆ ಏನೇನು ಕೇಳಬಹುದು, ಕೇಳಿದ್ದೇ ಆಯಿತೇ, ತಪ್ಪಿದರೆ ಹಿಂದಕ್ಕೆ ಪಡೆಯಬಹುದೇ ಎಂಬುದನ್ನು ಖಾಲಿ ಸಾಲು ಈಗಲೂ ತಾನಾಗಿ ತಿಳಿಸದು. ಆದ್ದರಿಂದ ಕೆಲಸ ಕಿರಿದಾಗಿ, ಪದಗಳು ಕೆಲವೇ ಆಗಿ, ಉತ್ತರ ಸ್ಪಷ್ಟವಾಗಿರುವಲ್ಲಿ ಕಮಾಂಡ್ ಲೈನ್ ಯಾರಿಗಾದರೂ ಒಗ್ಗುತ್ತದೆ. ಇಡೀ ಕಂಪ್ಯೂಟರನ್ನು ಅದರ ಮೂಲಕವೇ ನಡೆಸೆಂದರೆ ಸಾಮಾನ್ಯ ಬಳಕೆದಾರ ಒಪ್ಪುವುದು ಕಷ್ಟ.