ಟ್ರೂ ಬೈಪಾಸ್ ಸ್ವಿಚ್

ಟ್ರೂ ಬೈಪಾಸ್ ಸ್ವಿಚ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ಎಫೆಕ್ಟ್ ಪೆಡಲಿನ ವಿದ್ಯುನ್ಮಂಡಲವನ್ನು ಸಿಗ್ನಲ್ ಸಾಗುವ ದಾರಿಯಿಂದ ಪೂರ್ಣವಾಗಿ ಬೇರ್ಪಡಿಸುವ, ಕಾಲಿನಿಂದ ಒತ್ತುವ ಸ್ವಿಚ್. ಹಳೆಯ ವಾ-ವಾ ಪೆಡಲುಗಳ ಸ್ವಿಚ್ ಔಟ್‌ಪುಟ್ಟನ್ನು ಮಾತ್ರ ಬದಲಿಸುತ್ತಿತ್ತು. ಎಫೆಕ್ಟ್ ಆರಿಸಿದ ಮೇಲೂ ಮಂಡಲದ ಇನ್‌ಪುಟ್ ಗಿಟಾರಿಗೆ ಹೊರೆಯಾಗಿ ಉಳಿದು, ನಾದದ ಹೊಳಪು ಕುಗ್ಗುತ್ತಿತ್ತು. ಇದಕ್ಕೆ ಪರಿಹಾರವೇ ಟ್ರೂ ಬೈಪಾಸ್.

ಸಾಮಾನ್ಯವಾಗಿ ಬಳಕೆಯಲ್ಲಿರುವುದು 9 ಪಿನ್ನುಗಳ ತ್ರೀಪಿಡಿಟಿ ಸ್ವಿಚ್. ಇದರ 3 ವಿಭಾಗಗಳಲ್ಲಿ ನಡುವಿನ ಪಿನ್, ಒತ್ತಿದಾಗಲೆಲ್ಲ ಒಂದು ಬದಿಯ ಪಿನ್ನನ್ನು ಬಿಟ್ಟು ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ. ನಡುವಿನ ಪಿನ್ನುಗಳಿಗೆ ಕ್ರಮವಾಗಿ ಇನ್‌ಪುಟ್ ಜ್ಯಾಕ್, ಔಟ್‌ಪುಟ್ ಜ್ಯಾಕ್ ಮತ್ತು ಗ್ರೌಂಡ್ ತಂತಿಗಳನ್ನು ಬೆಸೆಯಲಾಗುತ್ತದೆ. ಒಂದು ಬದಿಯ ಪಿನ್ನುಗಳಿಗೆ ಮಂಡಲದ ಇನ್‌ಪುಟ್, ಔಟ್‌ಪುಟ್ ಹಾಗೂ ಎಲ್‌ಇಡಿಯ ಋಣ ತುದಿ ಸೇರುತ್ತವೆ. ಎದುರು ಬದಿಯಲ್ಲಿ ಮೊದಲ ಎರಡು ವಿಭಾಗಗಳ ಪಿನ್ನುಗಳನ್ನು ಚಿಕ್ಕ ತಂತಿಯೊಂದರಿಂದ ಜೋಡಿಸಿದರೆ ಸಾಕು. ಮೂರನೆಯದು ಖಾಲಿ ಇರುತ್ತದೆ. ಎಲ್‌ಇಡಿಯ ಧನ ತುದಿಗೆ 9 ವೋಲ್ಟ್ ವಿದ್ಯುತ್ತನ್ನು ರೋಧಕದ ಮೂಲಕವೇ ಕೊಡಬೇಕು, ಇಲ್ಲವಾದರೆ ಅದು ಸುಟ್ಟುಹೋಗುತ್ತದೆ.

ಬೆಸುಗೆಯ ಕಾವು ಹೆಚ್ಚಾದರೆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗಿ ಸಂಪರ್ಕ ಕೆಡುವುದುಂಟು. ಹೊಸಬರ ಕೈಯಲ್ಲಿ ಸ್ವಿಚ್ಚುಗಳು ಹಾಳಾಗುವುದು ಬಹುಪಾಲು ಹೀಗೆಯೇ. ಒತ್ತಿದಾಗ ‘ಠಪ್’ ಎಂಬ ಸದ್ದು ಬಂದರೆ, ಮಂಡಲದ ಇನ್‌ಪುಟ್‌ನಿಂದ ಗ್ರೌಂಡಿಗೆ 1 ಮೆಗಾಓಮ್ ರೋಧಕ ಹಾಕುವುದು ರೂಢಿ.

ಹಲವು ಪೆಡಲುಗಳನ್ನು ಉದ್ದನೆಯ ಕೇಬಲ್ಲುಗಳಿಂದ ಸಾಲಾಗಿ ಜೋಡಿಸಿದಾಗ, ಕೇಬಲ್ಲಿನ ಧಾರಣಶಕ್ತಿಯಿಂದಲೇ ಎತ್ತರದ ಸ್ವರಗಳು ಮಂಕಾಗುತ್ತವೆ. ಅಂತಹ ಕಡೆ ಟ್ರೂ ಬೈಪಾಸ್‌ಗಿಂತ ಬಫರ್ ಇರುವ ಪೆಡಲ್ ಹೆಚ್ಚು ಉಪಯುಕ್ತ.